ವರ್ಗಮೂಲಕ್ಕೆ ಹೊಲಿಗೆ

ಹೊಲಿಗೆ ಕಲಿಸುವ ನನ್ನ ಕೆಲಸ ಉಳಿಯಬೇಕಾದರೆ ಹತ್ತನೇ ತರಗತಿ ಪಾಸಾಗಬೇಕಂತೆ. ತರಬೇತಿ ಕೇಂದ್ರದವರ ಹೊಸ ನಿಯಮ. ಉಳಿದ ವಿಷಯಗಳನ್ನು ಹೇಗೋ ದಾಟಿದೆ, ಗಣಿತ ಮಾತ್ರ ಕಬ್ಬಿಣದ ಕಡಲೆ. ಮರುದಿನವೇ ಪರೀಕ್ಷೆ. ಸೊಸೆ ಮಷಿನ್ನಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ನಾನು ಕೂರುವುದು, ಏಳುವುದು, ಒರೆಸಿದ ಕತ್ತರಿಯನ್ನೇ ಮತ್ತೆ ಒರೆಸುವುದು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಅತ್ತೆ, ಒಂದ್ಕಡೆ ಕೂತ್ಕೊಳ್ಳಿ. ರೂಟ್ ಎಂಟು, ರೂಟ್ ಹದಿನೆಂಟು. ಕೂಡಿಸಿ."

"ರೂಟ್ ಇಪ್ಪತ್ತಾರು."

"ಒಳಗಿರೋದನ್ನ ಹಾಗೆ ಕೂಡಿಸೋ ಹಾಗಿಲ್ಲ. ನಾಲ್ಕೆರಡ್ಲಿ ಎಂಟು. ನಾಲ್ಕರ ವರ್ಗಮೂಲ ಎರಡು, ಅದು ಹೊರಗೆ ಬರುತ್ತೆ. ಎರಡು ರೂಟ್ ಎರಡು. ಒಂಬತ್ತೆರಡ್ಲಿ ಹದಿನೆಂಟು, ಅದು ಮೂರು ರೂಟ್ ಎರಡು. ಈಗ ಎರಡೂ ಒಂದೇ ಥಾನಿನ ಬಟ್ಟೆ, ಜೋಡಿಸಿ."

ಬಟ್ಟೆ ಅಂದಳಲ್ಲ, ಥಟ್ಟನೆ ತಲೆಗೆ ಹೋಯಿತು. ಬರೆದೆ: 5√2 − ½.

"ಈ ಅರ್ಧ ಎಲ್ಲಿಂದ ಬಂತು?"

"ಎರಡು ತುಂಡು ಜೋಡಿಸಿದ್ರೆ ಹೊಲಿಗೆಗೆ ಅರ್ಧ ಇಂಚು ಹೋಗಲ್ವೇನೇ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿದು ಪುಸ್ತಕ ಮುಚ್ಚಿಬಿಟ್ಟೆ. ಆಮೇಲೆ ನಾನೇ ತೆರೆದೆ. ಕೆಲಸ ಬಿಟ್ಟು ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ಪರೀಕ್ಷೆಯಲ್ಲಿ ಕೆಲವು ಲೆಕ್ಕ ಕೈಬಿಟ್ಟೆ. ಪಾಸಾಗಲು ಕೊನೆಯದು ಸರಿ ಬರಲೇಬೇಕಿತ್ತು: √50 + √12. ಬಿಡಿಸಿದೆ. 5√2 ಬಂತು, 2√3 ಬಂತು. ಒಂದರೊಳಗೆ ಎರಡು, ಇನ್ನೊಂದರೊಳಗೆ ಮೂರು. ಏನು ಮಾಡಿದರೂ ಒಂದಾಗಲೊಲ್ಲವು. ಬರೆದೆ, ಹೊಡೆದುಹಾಕಿದೆ, ಬೆವೆತೆ. ಜೋಡಿಸದ ತುಂಡುಗಳನ್ನು ಇಷ್ಟು ವರ್ಷದಲ್ಲಿ ಯಾರ ಕೈಗೂ ಕೊಟ್ಟವಳಲ್ಲ ನಾನು. ಏಳು ರೂಟ್ ಐದು ಅಂತ ಬರೆದು ಮುಗಿಸಿಬಿಡಲು ಕೈ ತುರಿಸುತ್ತಿತ್ತು. ಆದರೆ ಗೊತ್ತಿದ್ದೂ ಸುಳ್ಳು ಬರೆಯಲು ಮನಸ್ಸೊಪ್ಪಲಿಲ್ಲ. ನಡುವೆ ಕೂಡುವ ಚಿಹ್ನೆ ಹಾಗೇ ಬಿಟ್ಟು ಎದ್ದುಬಂದೆ.

ಗೇಟಿನ ಹತ್ತಿರ ಸೊಸೆ ಕಾಯುತ್ತಿದ್ದಳು.

"ನನ್ನ ಕೆಲಸ ಹೋಯ್ತು ಕಣೇ," ಎಂದೆ. "ಕೊನೇದು ಸೇರಲೇ ಇಲ್ಲ. ಐದು ರೂಟ್ ಎರಡು ಆ ಕಡೆ, ಎರಡು ರೂಟ್ ಮೂರು ಈ ಕಡೆ. ಹಾಗೇ ಬಿಟ್ಟು ಬಂದೆ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅವು ಸೇರೋದೇ ಇಲ್ಲ ಅತ್ತೆ. ನೀವು ಬಿಟ್ಟು ಬಂದಿದ್ದೇ ಉತ್ತರ."

ಮೊದಲೇ ಹೇಳೋಕೇನಾಗಿತ್ತು ನಿನಗೆ ಎಂದು ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು. ಪರೀಕ್ಷೆ ಬರೆದ ಮಕ್ಕಳೆಲ್ಲ ತಿರುಗಿ ನೋಡಿದರು, ಪಾಪ ಈ ಅಜ್ಜಿ ಫೇಲು ಅಂದುಕೊಂಡರು.