ಇರ್ಮಾ ಎಳೆದ ವೃತ್ತ

ಪಂದ್ಯ ಶುರುವಾಗಿ ಹದಿನೆಂಟು ನಿಮಿಷವಾಗುವಷ್ಟರಲ್ಲಿ ಮೊರೇನಾ ಎರಡೂ ಗಾಡಿಗಳ ಕ್ಲಚ್ ಡ್ರಮ್ಮು ಬಿಚ್ಚಿ ಬೆಂಚಿನ ಮೇಲಿಟ್ಟಿದ್ದಳು. ಒಂದು 1979ರ ಬೈಕು, ಗಾಳಿಗೆ ಮೈಯೊಡ್ಡಿ ತಣ್ಣಗಾಗುವ ಜಾತಿ. ಇನ್ನೊಂದು 2003ರದು, ನೀರಿಲ್ಲದೆ ಬದುಕದ ಜಾತಿ. ಎರಡೂ ಬೊಲೋನ್ಯಾದ ಗೆಪ್ಪಿಯೊ ಕಾರ್ಖಾನೆಯಲ್ಲೇ ಹುಟ್ಟಿದವು, ಆದರೆ ನಡುವೆ ಅಜ್ಜಿ ಮೊಮ್ಮಗಳ ಅಂತರ. ಮೊರೇನಾ ಅಜ್ಜಿಯ ಡ್ರಮ್ಮನ್ನು ಮೊಮ್ಮಗಳಿಗೆ ಹಾಕಿದಳು, ಮೊಮ್ಮಗಳದನ್ನು ಅಜ್ಜಿಗೆ ಹಾಕಿದಳು. ಒಂದೊಂದಕ್ಕೆ ಆರಾರು ಬೋಲ್ಟು. ಬೆರಳಲ್ಲಿ ತಿರುಗಿಸಿದರೆ ಸಾಕು, ತಕರಾರಿಲ್ಲದೆ ಒಳಗೆ ಹೋದವು. ಎರಡೂ ಎಂಜಿನ್ನುಗಳಿಗೆ ಜೀವ ಬಂದು, ತಗಡಿನ ಡಬ್ಬದಲ್ಲಿ ಕಡಲೆಕಾಳು ಕುಲುಕಿದಂಥ ಸದ್ದು ಅಂಗಳದ ತುಂಬ ಹರಡಿತು. ಆ ಸದ್ದು ಬೇರೆ ಊರಿನವರಿಗೆ ತಲೆನೋವು. ಇಲ್ಲಿಯವರಿಗೆ ಊಟಕ್ಕೆ ಮೊದಲಿನ ಮಂಗಳಾರತಿ.

ಸೆಪ್ಟೆಂಬರಿನ ಎರಡನೇ ಭಾನುವಾರ ದುಡಿಮೆಗಾರರ ಸಂಘದ ಅಂಗಳದಲ್ಲಿ ಈ ಅದಲುಬದಲು ಪಂದ್ಯ ನಡೆಯುತ್ತದೆ. ಹಳೆಯದರ ಭಾಗ ಹೊಸದಕ್ಕೆ, ಹೊಸದರದು ಹಳೆಯದಕ್ಕೆ ಹಾಕಿ, ಎರಡನ್ನೂ ಚಾಲೂ ಮಾಡಿ ತೋರಿಸಬೇಕು. ಗಾಲಿ, ಬ್ರೇಕು, ಕಾಲಿಡುವ ಕಡ್ಡಿ ಎಲ್ಲವನ್ನೂ ಜನ ಬದಲಿಸುತ್ತಾರೆ, ಆದರೆ ಅವಕ್ಕೆ ಅರ ಹಾಕಬೇಕು, ವಾಶರ್ ಸೇರಿಸಬೇಕು, ಬೈಯಬೇಕು. ಕ್ಲಚ್ ಡ್ರಮ್ಮೊಂದು ಮಾತ್ರ ಮೂರು ತಲೆಮಾರಿನ ಗೆಪ್ಪಿಯೊಗಳಿಗೂ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಕಮಾನಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಇರ್ಮಾ ತುನ್ಯೋಲಿ ಮಗಳು ಮೊರೇನಾಳ ಮುಖ ನೋಡಲಿಲ್ಲ, ಕೈ ನೋಡಿದಳು. ನಾಲ್ಕನೆಯ ಬೋಲ್ಟಿಗೆ ಸ್ಪ್ಯಾನರ್ ಹಿಡಿದ ರೀತಿ ಅವಳಿಗೆ ಸರಿಬರಲಿಲ್ಲ. ಉಳಿದದ್ದು ಪರವಾಗಿಲ್ಲ ಎನಿಸಿತು. ಎಪ್ಪತ್ತೇಳರ ಇರ್ಮಾಳ ಬಾಯಲ್ಲಿ ಪರವಾಗಿಲ್ಲ ಎಂದರೆ ಬೇರೆಯವರ ಬಾಯಲ್ಲಿ ಭೇಷ್ ಎಂದಂತೆ. ಪಂದ್ಯ ಮೊರೇನಾಳ ಗ್ಯಾರೇಜೇ ಗೆದ್ದಿತು, ಸತತ ಐದನೆಯ ವರ್ಷ.

ಗೆದ್ದ ಖುಷಿ ಮಗಳ ಮುಖದಲ್ಲಿದ್ದರೂ ಅವಳ ಕಣ್ಣು ವೇದಿಕೆಯ ಕಡೆಗಿತ್ತು. ಅಲ್ಲಿ ಬಟ್ಟೆ ಹೊದಿಸಿದ ಒಂದು ಹಿತ್ತಾಳೆ ಫಲಕ. ಪಕ್ಕದ ಕುರ್ಚಿಯಲ್ಲಿ ಗೆಪ್ಪಿಯೊ ಕಾರ್ಖಾನೆಯ ನಿವೃತ್ತ ಎಂಜಿನಿಯರ್, ತೊಂಬತ್ತು ವರ್ಷದ ಕವಾತ್ಸಾ, ಈ ಬಿಸಿಲಲ್ಲೂ ಕೋಟು, ಟೈ, ಊರುಗೋಲು. ಗೆಪ್ಪಿಯೊ ಬೈಕಿನವರ ಕ್ಲಬ್ಬಿಗೆ ಅಧ್ಯಕ್ಷೆಯಾಗಿ ಮೊರೇನಾ ಮಾಡಿದ ಮೊದಲ ಕೆಲಸವೇ ಈ ಫಲಕ. ಹಳೆಯದನ್ನೂ ಹೊಸದನ್ನೂ ಬೆಸೆದ ದೂರದೃಷ್ಟಿಗೆ ನಮನ ಎಂದು ಕೆತ್ತಿಸಿ, ಕೆಳಗೆ ಕವಾತ್ಸಾ ಅವರ ಹೆಸರು ಹಾಕಿಸಿದ್ದಳು. ಹೋದ ವಾರ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ತೋರಿಸಿದಾಗ ಇರ್ಮಾ ಹಿಟ್ಟು ಲಟ್ಟಿಸುತ್ತಲೇ ಇದ್ದಳು. ಅವತ್ತಿನ ಹಿಟ್ಟಿನ ಹಾಳೆ ಎಷ್ಟು ತೆಳುವಾಯಿತೆಂದರೆ ಹೂರಣ ತುಂಬಿದ ಕಡೆಯೆಲ್ಲ ಹರಿಯಿತು.

ಉಂಡವನಾರೋ, ತೇಗಿದವನಾರೋ. ಇರ್ಮಾಳ ಹೊಟ್ಟೆಯಲ್ಲಿ ಮೂವತ್ತೆಂಟು ವರ್ಷಗಳಿಂದ ಇದ್ದದ್ದು ಇದು.

ಆಗ ಅವಳು ಕಾರ್ಖಾನೆಯ ನಕ್ಷೆ ಕೋಣೆಯಲ್ಲಿದ್ದಳು, ಕಿಟಕಿಯಿಂದ ಮೂರನೇ ಮೇಜು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿ ಕೊಟ್ಟದ್ದನ್ನು ತೆಳು ಹಾಳೆಯ ಮೇಲೆ ಶಾಯಿಯಲ್ಲಿ ಎತ್ತುವುದು ಅಲ್ಲಿನ ಹನ್ನೊಂದು ಹೆಂಗಸರ ಕೆಲಸ. ಅವಳು ಎತ್ತಿದ ಹಾಳೆ ನೋಡಿಯೇ ಕೆಳಗೆ ಲೋಹ ಕಡಿಯುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳ ಒಂದು ಗೆರೆ ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಇದು ಜಂಬವಲ್ಲ, ಜಂಬವಾದರೂ ಅವಳಿಗೆ ಸಲ್ಲುವ ಜಂಬ.

1986ರ ವಸಂತದಲ್ಲಿ ನೀರಿನ ಎಂಜಿನ್ನು ಬಂತು. ಕ್ಲಚ್ ಡ್ರಮ್ಮು ಕೂರುವ ಗೇರಿನ ನಕ್ಷೆ ಇರ್ಮಾಳ ಮೇಜಿಗೆ ಬಂತು. ಆರು ಬೋಲ್ಟುಗಳ ವೃತ್ತದ ವ್ಯಾಸ ಹಳೆಯ ಗಾಡಿಗಳಲ್ಲಿ ಎಂಬತ್ತನಾಲ್ಕು ಮಿಲಿಮೀಟರು. ಕವಾತ್ಸಾ ಪೆನ್ಸಿಲಿನಲ್ಲಿ ಎಂಬತ್ತೆಂಟು ಎಂದು ಬರೆದಿದ್ದರು. ಯಾಕೆ ಎಂದು ಅವಳು ಕೇಳಿದಳು. ಬಲಕ್ಕಾಗಿಯೂ ಅಲ್ಲ, ಭಾರಕ್ಕಾಗಿಯೂ ಅಲ್ಲ, ಹೊಸದು ಎಂದರೆ ಎಲ್ಲವೂ ಹೊಸದಿರಬೇಕು ಎಂಬುದು ಅವರ ಉತ್ತರ. ಹಳೆಯ ಡ್ರಮ್ಮು ಮಾಡುವುದನ್ನು ಕಾರ್ಖಾನೆ ನಿಲ್ಲಿಸುತ್ತದಂತೆ. ಹಳೆಯ ಗಾಡಿಯವರ ಗತಿ ಏನು ಎಂದದ್ದಕ್ಕೆ, ನಿನ್ನ ಕೆಲಸ ಗೆರೆ ಎಳೆಯೋದು ಎಂದು ಹೇಳಿ ಹೋದರು.

ಹಳೆಯ ಗಾಡಿಯವರ ಗತಿ ಇರ್ಮಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಣ್ಣ ನೇರಿಯೊ ಗಾರೆ ಕೆಲಸದವನು, ರೇನೊ ನದಿಯ ಆಚೆ ಮನೆ. ಇದಕ್ಕೂ ಹಿಂದಿನ ಮಾದರಿಯದೊಂದು ಗೆಪ್ಪಿಯೊ ಕೊಂಡು, ಅದರ ಗೇರಿನ ಭಾಗವೊಂದು ಮುರಿದಾಗ ಇನ್ನು ಸಿಗುವುದಿಲ್ಲ ಎಂದು ಕಾರ್ಖಾನೆಯ ಕಿಟಕಿಯಲ್ಲಿ ಹೇಳಿಸಿಕೊಂಡು ಬಂದಿದ್ದ. ಈಸ್ಟರಿಗೆ ಹೋದಾಗ ಅವನ ಕೊಟ್ಟಿಗೆಯಲ್ಲಿ ಆ ಗಾಡಿಯ ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ನೇರಿಯೊ ಆ ಕೋಳಿಯನ್ನು ಎಬ್ಬಿಸಲೂ ಇಲ್ಲ.

ಇರ್ಮಾ ಕೈವಾರ ತೆಗೆದುಕೊಂಡಳು, ಎಂಬತ್ತನಾಲ್ಕರ ಅರ್ಧಕ್ಕೆ ಬಿಗಿದಳು, ಎಳೆದಳು. ಮೂಲೆಯಲ್ಲಿ ಸಹಿ ಮಾಡಿ ಹಾಳೆಯನ್ನು ಕವಾತ್ಸಾ ಅವರ ಮೇಜಿಗೆ ಕಳಿಸಿದಳು. ಸಂಜೆಯೊಳಗೆ ಅವರ ಒಪ್ಪಿಗೆಯ ಸಹಿಯೂ ಬಿತ್ತು.

ಎಂಬತ್ತೆಂಟರ ಅಳತೆಗೆ ಬೇರೆ ಕಡೆ ಮಾಡಿಸಿ ತರಿಸಿದ ಹೊಸ ಡ್ರಮ್ಮುಗಳು ಗೇರಿಗೆ ಕೂರದೆ ಹೋದಾಗ ವಿಷಯ ಬಯಲಾಯಿತು. ಅಷ್ಟರಲ್ಲಿ ಆರುನೂರು ಗೇರು ಕಡಿದು, ಬೆಂಕಿಯಲ್ಲಿ ಹದ ಮಾಡಿ ಆಗಿತ್ತು. ಕವಾತ್ಸಾ ಇಡೀ ಕೋಣೆಯೆದುರು ಇರ್ಮಾಳನ್ನು ನಿಲ್ಲಿಸಿ ಕೇಳಿದರು. ಗೊತ್ತಿದ್ದೇ ಮಾಡಿದೆ ಎಂದಿದ್ದರೆ ಅವರು ಹಟಕ್ಕೆ ಬಿದ್ದು ಆರುನೂರನ್ನೂ ಕರಗಿಸಿಬಿಡುತ್ತಿದ್ದರು. ಆದ್ದರಿಂದ ಅವಳು ತಪ್ಪಾಯಿತು ಎಂದಳು. ಗೇರು ಉಳಿಯಿತು, ಡ್ರಮ್ಮಿನ ರಂಧ್ರಗಳೇ ಎಂಬತ್ತನಾಲ್ಕಕ್ಕೆ ಬಂದವು, ಮುಂದಿನ ಮಾದರಿಗಳೂ ಅದನ್ನೇ ಹಿಡಿದವು. ಇರ್ಮಾಳನ್ನು ನಕ್ಷೆ ಕೋಣೆಯಿಂದ ತೆಗೆದು ಜೋಡಣೆ ಸಾಲಿಗೆ ಹಾಕಿದರು. ಇಪ್ಪತ್ತೊಂದು ವರ್ಷ ಅವಳು ಅದೇ ಡ್ರಮ್ಮು, ಅದೇ ಆರು ಬೋಲ್ಟು ಜೋಡಿಸಿದಳು. ಅಲ್ಲೂ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ.

ನಕ್ಷೆಯ ಕೆಲಸ ಹೋದದ್ದಕ್ಕೆ ಅವಳು ಅತ್ತವಳಲ್ಲ. ಸುಡುತ್ತಿದ್ದದ್ದು ತಪ್ಪು ಎಂಬ ಮಾತು. ಇರ್ಮಾ ತುನ್ಯೋಲಿ ತಪ್ಪು ಗೆರೆ ಎಳೆದಳು ಎಂದು ಊರು ನಂಬಿತು, ಮಗಳೂ ನಂಬಿದಳು. ಯಾವ ತಪ್ಪು ಎಂದು ಮೊರೇನಾ ಕೇಳಲಿಲ್ಲ, ಅಮ್ಮನಿಗೆ ನೋವಾದೀತೆಂದು.

ಈಗ ವೇದಿಕೆಯ ಮೇಲೆ ಬಟ್ಟೆ ಸರಿಸಿ ಮೊರೇನಾ ಮಾತಾಡಿದಳು. ತನ್ನ ಗ್ಯಾರೇಜು ನಡೆಯುತ್ತಿರುವುದೇ ಆ ಆರು ರಂಧ್ರಗಳಿಂದ, ಎಷ್ಟೋ ಅಪ್ಪಂದಿರ ಗಾಡಿ ಇವತ್ತು ಮಕ್ಕಳ ಕೈಯಲ್ಲಿ ಓಡುತ್ತಿರುವುದು ಎಂಜಿನಿಯರರ ದೂರದೃಷ್ಟಿಯಿಂದ ಎಂದಳು. ಅಂಗಳ ಚಪ್ಪಾಳೆ ಹೊಡೆಯಿತು. ಕವಾತ್ಸಾ ಊರುಗೋಲಿನ ಮೇಲೆ ಭಾರ ಬಿಟ್ಟು ಎದ್ದು, ಹಳೆಯ ಗಿರಾಕಿಗಳ ಕೈ ಬಿಡಬಾರದೆಂದು ತಮಗೆ ಆಗಲೇ ಅನ್ನಿಸಿತ್ತು ಎಂದು ಶುರುಮಾಡಿದರು.

ಇರ್ಮಾ ಕುರ್ಚಿಯಿಂದ ಎದ್ದಳು. ಸುಮ್ಮನಿರಬೇಕೆಂದೇ ಮನೆಯಿಂದ ಹೊರಟಿದ್ದಳು, ಮಗಳ ಹಬ್ಬ ಹಾಳುಮಾಡಬಾರದೆಂದು. ಆದರೆ ಆ ಮಾತು ಕೇಳಿ ಕಾಲೇ ನಿಲ್ಲಲಿಲ್ಲ. ಜನರ ನಡುವೆ ನಡೆದು ವೇದಿಕೆಯ ಮುಂದೆ ಬಂದಳು.

"ಎಂಜಿನಿಯರ್ ಸಾಹೇಬ್ರೇ, ಒಂದು ಅಳತೆ ಕೇಳ್ಬೇಕಿತ್ತು."

ಮುದುಕರು ಕಣ್ಣು ಕಿರಿದು ಮಾಡಿ ನೋಡಿದರು. "ತುನ್ಯೋಲಿ ಅಲ್ವಾ?"

"ಹೌದು, ಮೂರನೇ ಮೇಜು. ಆ ಗೇರಿನ ವೃತ್ತಕ್ಕೆ ನೀವು ಪೆನ್ಸಿಲಲ್ಲಿ ಬರೆದಿದ್ದು ಎಷ್ಟು?"

ಮರೆತಿದೆ ಎನ್ನಬಹುದಿತ್ತು. ತೊಂಬತ್ತರ ಮನುಷ್ಯನನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಹೊಗಳಿಕೆಯ ವಿಷಯದಲ್ಲಿ ಸುಳ್ಳಾಡಲು ಬಂದರೂ ಅಂಕಿಯ ವಿಷಯದಲ್ಲಿ ಅವರಿಗೆ ಬರುತ್ತಿರಲಿಲ್ಲ. ಇದನ್ನು ಇರ್ಮಾ ಹತ್ತೊಂಬತ್ತು ವರ್ಷ ಕಂಡಿದ್ದಳು.

"ಎಂಬತ್ತೆಂಟು," ಎಂದರು ಕವಾತ್ಸಾ.

ಅಲ್ಲಿದ್ದವರಲ್ಲಿ ಆ ವೃತ್ತ ಎಂಬತ್ತನಾಲ್ಕು ಎಂದು ಗೊತ್ತಿಲ್ಲದವರು ಯಾರೂ ಇರಲಿಲ್ಲ, ಎಲ್ಲರೂ ಒಂದಲ್ಲ ಒಂದು ದಿನ ಅಳೆದವರೇ. ಕವಾತ್ಸಾ ಮೆಲ್ಲಗೆ ಕೂತು, ಇರುವುದನ್ನು ಇದ್ದಂತೆ ಹೇಳಿದರು. ತಾವು ಕೇಳಿದ್ದು ಬೇರೆ ಅಳತೆ, ಅದನ್ನು ಎಂಬತ್ತನಾಲ್ಕಕ್ಕೆ ಎಳೆದದ್ದು ಈ ಹೆಂಗಸಿನ ತಪ್ಪು, ಅವತ್ತು ತಾವು ಕೂಗಾಡಿ ಅವಳನ್ನು ಕೆಳಗೆ ಕಳಿಸಿದ್ದು, ಈಗ ನೋಡಿದರೆ ಅಂಥ ಒಳ್ಳೆಯ ತಪ್ಪು ಕಾರ್ಖಾನೆಯ ಚರಿತ್ರೆಯಲ್ಲೇ ಇಲ್ಲ ಎಂದರು.

ಜನ ನಕ್ಕರು, ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ಇರ್ಮಾಳ ತಪ್ಪಿಗೆ ಜೈ ಎಂದು ಲೋಟ ಎತ್ತಿದ. ಮೊರೇನಾ ಓಡಿಬಂದು ತಾಯಿಯನ್ನು ಅಪ್ಪಿಕೊಂಡಳು, "ಅಮ್ಮ, ಆ ತಪ್ಪು ಅಂದ್ರೆ ಇದೇನಾ?" ಎಂದಳು. ಒಬ್ಬೊಬ್ಬರ ಚಪ್ಪಾಳೆಯೂ ಇರ್ಮಾಳಿಗೆ ಗಾಯಕ್ಕೆ ಉಪ್ಪು ಸವರಿದಂತಿತ್ತು. ಅವಳು ಮಗಳ ಕೈ ಬಿಡಿಸಿಕೊಂಡು, ಸದ್ದು ಅಡಗುವವರೆಗೆ ಕಾದಳು.

"ತಪ್ಪಲ್ಲ," ಎಂದಳು. "ಹತ್ತೊಂಬತ್ತು ವರ್ಷ ನಿಮ್ಮ ಹಾಳೆ ಎತ್ತಿದೀನಿ. ಕೂದಲೆಳೆ ಆಚೀಚೆ ಆಗಿದ್ದಿದ್ರೆ ತೋರ್ಸಿ. ಎಂಬತ್ತನಾಲ್ಕು ಗೊತ್ತಿದ್ದೇ ಎಳೆದೆ. ಹಳೇ ಗಾಡಿಯವ್ರನ್ನ ನೀವು ಬೀದಿಗೆ ಬಿಡ್ತಿದ್ರಿ, ನಾನು ಬಿಡ್ಲಿಲ್ಲ. ನಾನು ಮಾಡಿದ್ದು ಒಂದೇ ತಪ್ಪು, ಅವತ್ತು ನಿಮ್ಮೆದುರು ತಪ್ಪಾಯ್ತು ಅಂದಿದ್ದು."

"ಆಗ್ಲೇ ಯಾಕಮ್ಮ ಹೇಳ್ಲಿಲ್ಲ?" ಎಂದರು ಕವಾತ್ಸಾ.

"ಹೇಳಿದ್ರೆ ಆರ್ನೂರನ್ನೂ ಕರಗಿಸ್ತಿದ್ರಿ."

ಕವಾತ್ಸಾ ಯೋಚಿಸಿದರು. "ಕರಗಿಸ್ತಿದ್ದೆ," ಎಂದು ಒಪ್ಪಿಕೊಂಡರು.

ಮೊರೇನಾ ಒಮ್ಮೆ ತಾಯಿಯನ್ನು, ಒಮ್ಮೆ ಮುದುಕರನ್ನು ನೋಡುತ್ತ ನಿಂತಿದ್ದಳು. ಆಮೇಲೆ ವೇದಿಕೆಯ ಮೇಲಿದ್ದ ಫಲಕವನ್ನು ಕೈಗೆತ್ತಿಕೊಂಡಳು. ಕವಾತ್ಸಾ ಊರುಗೋಲು ನೆಲಕ್ಕೂರಿ ಮತ್ತೆ ಎದ್ದರು, ಈ ಸಲ ಯಾರ ಆಸರೆಯನ್ನೂ ಒಪ್ಪಲಿಲ್ಲ.

"ಆ ಹಾಳೇಲಿ ಎರಡು ಸಹಿ ಇತ್ತು," ಎಂದರು. "ಎಳೆದೋಳ್ದು ಒಂದು, ಅಳೆದು ನೋಡ್ದೋನ್ದು ಒಂದು. ಅಳೆದಿದ್ರೆ ಅವತ್ತೇ ಸಿಕ್ಕಿಬೀಳ್ತಿತ್ತು. ನಾನು ಅಳೀಲಿಲ್ಲ. ಬೇರೆ ಹತ್ತು ಜನರ ಹಾಳೆ ಅಳೀತಿದ್ದೆ. ತುನ್ಯೋಲಿ ಹಾಳೆ ಅಳೆಯೋದು ಯಾವತ್ತೋ ಬಿಟ್ಟಿದ್ದೆ, ಅಳೆಯೋಕೆ ಏನಿರುತ್ತೆ ಅಂತ. ನನ್ನ ತಪ್ಪು ಮುಚ್ಕೊಳ್ಳೋಕೆ ಇವರನ್ನ ಕೆಳಗೆ ಕಳ್ಸಿದೆ."

ಕ್ಷಮೆ ಕೇಳಿದ್ದರೂ ಇರ್ಮಾಳಿಗೆ ಇಷ್ಟು ತಾಕುತ್ತಿರಲಿಲ್ಲ. ಆ ಕೋಣೆಯಲ್ಲಿ ಅಳತೆಪಟ್ಟಿ ಇಡದೆ ಒಪ್ಪುತ್ತಿದ್ದದ್ದು ಅವಳೊಬ್ಬಳ ಗೆರೆಯನ್ನು. ಅವಳು ಕಳೆದುಕೊಂಡಿದ್ದೇನೆ ಎಂದುಕೊಂಡಿದ್ದ ಹೆಸರು ಇಷ್ಟು ವರ್ಷವೂ ಆ ಮನುಷ್ಯನ ಬಳಿ ಭದ್ರವಾಗಿತ್ತು. ಹೆಮ್ಮೆಯಿಂದ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ತಮ್ಮ ಹೆಸರು ಅಳಿಸಿ ಇರ್ಮಾಳದನ್ನು ಹಾಕಿಸು ಎಂದು ಕವಾತ್ಸಾ ಮೊರೇನಾಳಿಗೆ ಹೇಳಿದರು. ಇರ್ಮಾ ಬೇಡವೆಂದಳು.

"ಎರಡೂ ಇರ್ಲಿ. ಎಳೆದವರು ಇರ್ಮಾ ತುನ್ಯೋಲಿ. ಅಳೆಯದೆ ಒಪ್ಪಿದವರು ಕವಾತ್ಸಾ. ಹಾಳೇಲಿ ಹೆಂಗಿತ್ತೋ ಹಂಗೇ ಹಾಕ್ಸು."

ಮುದುಕರು ಮೊದಲ ಸಲ ಬಾಯಿತುಂಬ ನಕ್ಕರು. ಮೊರೇನಾ ಫಲಕ ತಿರುಗಿಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಕಣ್ಣೀರು ಒರೆಸಿಕೊಳ್ಳುತ್ತಲೇ ಹಿಂಬದಿಯ ಮೇಲೆ ಎರಡು ಸಾಲು ಬರೆದಳು, ಕೆತ್ತುವವನಿಗೆ ತೋರಿಸಲು. ಬರೆದು ತಾಯಿಯ ಮುಂದೆ ಹಿಡಿದಳು. ಇರ್ಮಾ ಕನ್ನಡಕ ಏರಿಸಿ ನೋಡಿ, ಎರಡನೇ ಸಾಲು ಬಲಕ್ಕೆ ಸ್ವಲ್ಪ ಇಳಿದಿದೆ ಎಂದಳು. ಮೊರೇನಾ ಅದನ್ನು ಅಂಗಿಯ ತೋಳಿನಿಂದ ಅಳಿಸಿ ಮತ್ತೆ ಬರೆದಳು.