ಜೇಬಿನಲ್ಲಿದ್ದರೂ ಇಲ್ಲದ ಹಾಗೆ

"ಜೇಬಲ್ಲಿಟ್ರೆ ಇದೆ ಅಂತಾನೇ ಗೊತ್ತಾಗಲ್ಲ ಮಾವ, ಅಷ್ಟು ತೆಳು!" ಎಂದು ಅಳಿಯ ತನ್ನ ಹೊಸ ಫೋನನ್ನು ಇಸ್ತ್ರಿ ಮೇಜಿನ ಮೇಲೆ ಗಿರ್ರನೆ ತಿರುಗಿಸಿದ.

ತೆಳುವೆಂದರೆ ಅಂತಿಂಥ ತೆಳುವಲ್ಲ. ಅಂಚು ಕಾಣುವ ಹಾಗೆ ಹಿಡಿದರೆ ಫೋನು ಮಾಯವಾಗಿ ಅಳಿಯನೊಬ್ಬನೇ ಉಳಿಯುತ್ತಿದ್ದ. ಇಸ್ತ್ರಿ ಅಂಗಡಿಯ ಮಾವನ ಪ್ರಕಾರ ಅದರ ಮೊದಲ ದೋಷ ಅದೇ. ಫೋಟೊ ಮಾತ್ರ ಎಂಥದು ತೆಗೆಯುತ್ತಿತ್ತೆಂದರೆ, ಮಾವನ ಮೂಗಿನ ಬೆವರಹನಿಯೊಳಗೆ ಇಡೀ ಬೀದಿ ಕಾಣುತ್ತಿತ್ತು. ಆದರೆ ಕ್ಯಾಮೆರಾ ಬೆನ್ನ ಮೇಲೆ ಕುರುವಿನಂತೆ ಎದ್ದು, ಮೇಜಿನ ಮೇಲಿಟ್ಟರೆ ಕುಂಟು ಕುರ್ಚಿಯ ಹಾಗೆ ಅಲುಗಾಡುತ್ತಿತ್ತು. ಸ್ವಲ್ಪ ಹೊತ್ತು ಮಾತಾಡಿದರೆ ಕಿವಿ ಬೇಯುತ್ತಿತ್ತು. ಚಾರ್ಜಂತೂ ಮಧ್ಯಾಹ್ನದ ಊಟದ ಮುಖ ಕಂಡದ್ದಿಲ್ಲ.

"ನನ್ನ ಇಸ್ತ್ರಿಪೆಟ್ಟಿಗೆ ಮರಿ ಹಾಕಿದ ಹಾಗಿದೆ. ಬಿಸಿ ಆಗೋದು ಬಿಟ್ರೆ ಇನ್ನೇನು ಬರುತ್ತೆ ಅದಕ್ಕೆ?" ಎಂದ ಮಾವ.

"ನಿಮ್ಮ ಪೆಟ್ಟಿಗೇನ ಗುಜರಿಗೆ ಹಾಕಿ. ಈ ಜಾಗ ನಂಗೆ ಬಿಡಿ, ಫೋನ್ ಅಂಗಡಿ ಇಡ್ತೀನಿ. ಬಿಸಿ ಹಿಡಿದೂ ಹಿಡಿದೂ ನಿಮ್ಮ ಕೈ ಸತ್ತಿದೆ."

ಬಟ್ಟೆ ಮಡಿಸುತ್ತಿದ್ದ ಮಗಳು ತಲೆಯೆತ್ತಿದಳು. "ರೀ, ಸುಮ್ನಿರಿ."

ಕೈ ಸತ್ತಿದೆ! ಮೂರು ಲೋಕದ ಜೇಬುಗಳನ್ನು ಸವರಿದ ಕೈ! ಬಟ್ಟೆಯ ಮೇಲೆ ಒಮ್ಮೆ ಆಡಿಸಿದರೆ ಸಾಕು, ಒಳಗೆ ಮರೆತ ಬಸ್ ಟಿಕೆಟ್ಟು ಯಾವ ಊರಿನದೆಂದೂ ಹೇಳುತ್ತದೆಂದು ಬೀದಿಯಲ್ಲಿ ಪ್ರತೀತಿ. ಪ್ರತೀತಿ ಹುಟ್ಟಿಸಿದವನು ಮಾವನೇ.

"ಕೇಳಿ ಅಳಿಯಂದಿರೇ, ನನ್ನ ಕೈಗೆ ಗೊತ್ತಾಗದೆ ಒಂದೇ ಒಂದು ಗುಂಡಿ ಪೆಟ್ಟಿಗೆ ಕೆಳಗೆ ಹೋದ ದಿನ ಅಂಗಡಿ ಬೀಗದಕೈ ನಿಮ್ದು!"

"ಆಮೇಲೆ ಮಾತು ತಿರುಗಿಸಬಾರದು."

"ಮಗಳೇ ಸಾಕ್ಷಿ."

ಮರುದಿನ ಮಧ್ಯಾಹ್ನ ಅಳಿಯ ತನ್ನ ಕೋಟು ತಂದು ಮೇಜಿನ ಮೇಲೆ ಬಿಸಾಕಿ, "ಸಂಜೆಗೆ ಬೇಕು, ಸುಕ್ಕು ಉಳಿದ್ರೆ ನೋಡಿ" ಎಂದು ಊಟಕ್ಕೆ ಹೋದ. ಮಾವ ಎಂದಿನಂತೆ ಹೊರಜೇಬು, ಒಳಜೇಬು ಎಲ್ಲ ಸವರಿದ. ಒದ್ದೆ ಬಟ್ಟೆ ಹಾಸಿ, ಅಳಿಯನ ಮೇಲಿನ ಸಿಟ್ಟನ್ನೆಲ್ಲ ತೋಳಿಗಿಳಿಸಿ ಪೆಟ್ಟಿಗೆ ಒತ್ತಿದ. ಟಪ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಎದ್ದಿತು.

ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದ ಮಗಳು ಕೋಟು ಎಳೆದುಕೊಂಡು ಒಳಜೇಬಿನಿಂದ ಅದನ್ನು ಕೊಡವಿ ಬೀಳಿಸಿದಳು. ಬೆಳಿಗ್ಗೆಯೇ ಚಾರ್ಜು ಮುಗಿದಿದ್ದ ಫೋನಿಗೆ ಗುಂಯ್ ಎಂದು ಎಚ್ಚರಿಸುವ ತ್ರಾಣವೂ ಇರಲಿಲ್ಲ. ಲೋಕದಲ್ಲೇ ಅತಿ ತೆಳ್ಳನೆಯ ಫೋನು ಈಗ ತುಂಬು ಬಸುರಿಯ ಹಾಗೆ ಉಬ್ಬಿಕೊಂಡು ಬಿದ್ದಿತ್ತು.

ಅಷ್ಟರಲ್ಲಿ ಜೇಬು ತಡವಿಕೊಳ್ಳುತ್ತ ಅಳಿಯ ಬಂದ. ನೋಡಿದ. ಅವನು ಬೈದ ಬೈಗುಳಕ್ಕೆ ನಾಯಿಗಳೆಲ್ಲ ಎದ್ದು ಬೇರೆ ಬೀದಿಗೆ ಹೋದವು. ಬೈದು ದಣಿದ ಮೇಲೆ ಏನೋ ಹೊಳೆದು ಮುಖ ಅರಳಿತು. ಅಂಗೈ ಚಾಚಿದ.

"ಫೋನ್ ಹಾಳಾಗಿ ಹೋಗ್ಲಿ. ನಿಮ್ಮ ಕೈಗೆ ಗೊತ್ತಾಗ್ಲಿಲ್ಲ, ಅಲ್ವಾ ಮಾವ? ಬೀಗದಕೈ ತೆಗೀರಿ."

ಮಾವ ಉಗುಳು ನುಂಗಿದ ಸದ್ದು ಪಕ್ಕದ ಬೀದಿಗೂ ಕೇಳಿಸಿತು.

"ಗೊತ್ತಾಗ್ಲಿಲ್ಲ ಅಂತ ಯಾರಂದ್ರು? ಮುಟ್ಟಿದ ಕೂಡ್ಲೇ ಗೊತ್ತಾಯ್ತು. ಬೇಕೂಂತಲೇ ಇಟ್ಟೆ ಪೆಟ್ಟಿಗೆ."

"ಅಪ್ಪಾ..." ಮಗಳ ದನಿ ಇಳಿಯಿತು. "ಬೇಕೂಂತಲೇ? ಬೆಂಕಿ ಹತ್ತಿದ್ರೆ? ನಾನು ಪಕ್ಕದಲ್ಲೇ ನಿಂತಿದ್ದೆ."

ಮಾವ ಅವಳ ಕಡೆ ನೋಡಲಿಲ್ಲ. "ಬೇಕೂಂತಲೇ" ಎಂದ.

ಅವಳು ಅರ್ಧ ಮಡಿಸಿದ್ದ ಅಂಗಿಯನ್ನು ಹಾಗೇ ಬಿಟ್ಟು, ಕೋಟು ಎತ್ತಿಕೊಂಡಳು. "ನಾಳೆಯಿಂದ ನನಗಾಗಿ ಕಾಯಬೇಡ" ಎಂದು, ಚಾಚಿದ ಅಂಗೈ ಮಡಚಿ ಹೊರಟ ಗಂಡನ ಹಿಂದೆ ನಡೆದಳು.

ಬೀಗದಕೈ ಮಾವನ ಸೊಂಟದಲ್ಲೇ ಇತ್ತು. ಅವನು ಪೆಟ್ಟಿಗೆಯ ಸ್ವಿಚ್ಚು ಆರಿಸಿದ. ಡಬ್ಬದಿಂದ ಅಂಗಿಯ ಗುಂಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಕರವಸ್ತ್ರ ಹಾಸಿದ. ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಗೆ ಅಂಗೈ ಆಡಿಸಿದ. ಕರವಸ್ತ್ರ ಎತ್ತಿ, ಗುಂಡಿ ಎಲ್ಲಿದೆಯೆಂದು ನೋಡಿಕೊಂಡ. ಮತ್ತೆ ಹಾಸಿ, ಮತ್ತೆ ಆಡಿಸಿದ.

ಆಮೇಲೆ ಡಬ್ಬವನ್ನು ಮೇಜಿನ ಮೇಲೆ ಸುರಿದು, ಅದಕ್ಕಿಂತ ದೊಡ್ಡ ಗುಂಡಿ ಹುಡುಕತೊಡಗಿದ.