ಒಬ್ಬಾಕಿ ಬೆಂದರ ಆಪತ್ತಲ್ಲ

"ಏ ಘಾಟಿ ಸೂಳಿಮಗನ, ಸಿಲಿಂಡರ್ ಏನ್ ನಿನ್ನ ಹೇಣ್ತಿ ಏನಲೇ, ಅಪ್ಪಿಕೊಂಡು ನಿಂತಿ? ನಡೀ ಮುಂದ!"

ಬೈದವನು ನಮ್ಮ ಕೂಲಿಗಳ ಮುಕಾದಮ ಕೇಶಪ್ಪ. ಅವನೂ ನಮ್ಮಂತೆ ಘಟ್ಟ ಇಳಿದು ಗೋವೆಗೆ ಬಂದವನೇ. ಕೈಗೆ ವಾಚು ಬಂದ ದಿನದಿಂದ ಗೋವೆಯವರು ಬೈಯುವಂತೆ ನಾವು ಅವನಿಗೂ ಘಾಟಿಗಳಾದೆವು. ನಾನು ಆಕ್ಸಿಜನ್ ಸಿಲಿಂಡರನ್ನು ಕಿರುಬೆರಳಲ್ಲಿ ಎತ್ತಿ ಹೆಗಲಿಗೇರಿಸಿ ನಕ್ಕೆ. ಕುಂಕಳ್ಳಿಯ ಕಾರ್ಖಾನೆ ಮಾಲೀಕರು ಕಟ್ಟಿಸಿದ ಆ ಆಸ್ಪತ್ರೆಯನ್ನು ಅರ್ಧ ಹೊತ್ತದ್ದೇ ಈ ಅಲ್ಲಾವುದ್ದೀನ. ಮಂಚ ಹೊತ್ತೆ, ಜನರೇಟರ್ ಹೊತ್ತೆ. ಬಿಟ್ಟಿದ್ದರೆ ದೊಡ್ಡ ಡಾಕ್ಟರನ್ನೂ ಕುರ್ಚಿ ಸಮೇತ ಹೊರುತ್ತಿದ್ದೆ.

ಭೋಪಾಳದಲ್ಲಿ ವಿಷಗಾಳಿ ಸೋರಿ ಏಳೆಂಟು ವರ್ಷವಾದ ಮೇಲೆ ಮಾಲೀಕರಿಗೆ ಭಯ ಹುಟ್ಟಿತ್ತು. ಕಾರ್ಖಾನೆ ಸಿಡಿದರೆ ಇರಲಿ ಎಂದು ಒಂದು ಆಪತ್ತಿನ ವಾರ್ಡು. ಎಂಥ ವಾರ್ಡು ಅಂತೀರಿ! ಕಲಂಗುಟ್‌ನ ಹೋಟೆಲಿಗೆ ಬರುವ ಬಿಳಿಯರು ನೋಡಿದ್ದರೆ ಬೇಕಂತಲೇ ಕಾಲು ಮುರಿದುಕೊಳ್ಳುತ್ತಿದ್ದರು. ಹಾಸಿಗೆಯ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಕಪಾಟಿನ ತುಂಬ ಸುಟ್ಟಗಾಯದ ಮುಲಾಮು, ಕಪಾಟಿಗೆ ಬೀಗ, ಬೀಗದ ಕೈ ದೊಡ್ಡ ಡಾಕ್ಟರ ಎದೆಯ ಜೇಬಿನಲ್ಲಿ. ಮಾಳಿಗೆಯ ಮೇಲೆ ಸಮುದ್ರದಂಥ ನೀರಿನ ಟಾಕಿ. ಅದನ್ನು ತುಂಬಿಸಲು ನಮ್ಮ ಜೋಪಡಿಗಳ ನಳ ಬಂದ್ ಮಾಡಿದ್ದರು. ನಮ್ಮ ಓಣಿಯ ಸೊಳ್ಳೆಗಳು ಮೂಗು ಮುಚ್ಚಿಕೊಂಡು ನಮ್ಮನ್ನು ಕಚ್ಚುತ್ತಿದ್ದವು.

ಮರುದಿನ ಪಣಜಿಯಿಂದ ತಪಾಸಣೆಗೆ ಬರುವ ಸರಕಾರಿ ಸಾಹೇಬರ ಮುಂದೆ ಸುಳ್ಳು ಆಪತ್ತಿನ ಆಟವಿತ್ತು. ಖರೆಯದು ಒಂದು ದಿನ ಮೊದಲೇ ಬಂತು. ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಉಗಿಯ ಪೈಪು ಒಡೆದು ನನ್ನ ತಂಗಿ ಸುಗರಾಬಿಯ ತೋಳು, ಕುತ್ತಿಗೆ ಬೆಂದವು. ಅವಳನ್ನು ಹೊರಗೆ ಬಿಟ್ಟು ಗೇಟು ಹಾಕಿಕೊಂಡರು. ನಾನು ಹೊತ್ತು ಓಡಿದೆ. ಗಾಳಿಯೇ ಹಿಂದೆ ಬಿತ್ತು.

ದೊಡ್ಡ ಡಾಕ್ಟರು ವಾರ್ಡಿನ ಬಾಗಿಲಲ್ಲೇ ತಡೆದು ಕೊಂಕಣಿಯಲ್ಲಿ ಏನೋ ಗದರಿದರು. ಕೇಶಪ್ಪ ಕನ್ನಡ ಮಾಡಿ ಹೇಳಿದ:

"ಈ ಹಾಸಗಿ ಆಪತ್ತಿಗೆ ಇಟ್ಟಾವಂತ. ಮಡಗಾಂವದ ಸರಕಾರಿ ದವಾಖಾನಿಗೆ ಒಯ್ಯಲೇ."

"ಪೈಪ್ ಒಡದೈತ್ರಿ. ಇದು ಆಪತ್ತಲ್ಲೇನ್ರಿ?"

"ಒಬ್ಬಾಕಿ ಬೆಂದರ ಆಪತ್ತಲ್ಲ. ಹತ್ತು ಮಂದಿ ಬೇಕಂತ. ನಡೀ, ಹಾಸಗಿ ಹೊಲಸಾಕ್ಕಾವು."

ಮಡಗಾಂವಿನ ಬಸ್ಸಿನವನು ಗಾಯ ನೋಡಿ ಹತ್ತಿಸಿಕೊಳ್ಳಲಿಲ್ಲ. ಬೆಳಗಾಗುವಷ್ಟರಲ್ಲಿ ಸುಗರಾಬಿಯ ಮೈ ಜ್ವರಕ್ಕೆ ಕಾದು, ಹಣೆಯ ಮೇಲೆ ರೊಟ್ಟಿ ಸುಡಬಹುದಿತ್ತು. ಆ ಹೊತ್ತಿಗೆ ಕೇಶಪ್ಪ ನಗುತ್ತ ಓಣಿಗೆ ಬಂದ.

"ಇವತ್ತಿನ ಆಟಕ್ಕ ಗಾಯಾಳು ಆಗಾಕ ಮಂದಿ ಬೇಕ್ರಲೇ. ಕುಂಕುಮದ ನೀರು ಬಡಕೊಂಡು ಒದರಬೇಕು, ಅಷ್ಟ. ಎಲ್ಲಾರಿಗೂ ಪಾವ್ ಭಾಜಿ."

"ಪಗಾರ ಕೇಳೂವಾಗ ಒದರಿದ್ದು ಸಾಲಲಿಲ್ಲೇನಲೇ, ಭಾಡ್ಯಾ?" ಎಂದಳು ಪಕ್ಕದ ಜೋಪಡಿಯ ರುದ್ರವ್ವ.

ನನಗೆ ಫಕ್ಕನೆ ಹೊಳೆಯಿತು. ನನ್ನ ತಲೆ ಅಂಥದು, ಮಂತ್ರಿಗಳು ಬಾಡಿಗೆಗೆ ಕೇಳಬೇಕು. "ಬರ್ತೇವ್ರಿ. ಇಡೀ ಓಣೀನ ಬರ್ತೈತಿ," ಎಂದೆ.

"ಅಣ್ಣಾ, ನನಗ ನಾಟಕಾ ಬರೂದಿಲ್ಲೋ," ಎಂದು ಸುಗರಾಬಿ ನರಳಿದಳು.

"ನೀ ಏನೂ ಮಾಡಬ್ಯಾಡವ್ವಾ. ನಾಟಕಾ ಮಾಡೋರು ಬ್ಯಾರೆ ಅದಾರ."

ವಾರ್ಡಿನಲ್ಲಿ ಸೈರನ್ ಕೂಗಿತು. ಗಾಯಾಳುಗಳ ಕಾಲಿಗೆ ಕೆಂಪು ಚೀಟಿ, ಹೆಣಗಳಿಗೆ ಕಪ್ಪು. ನನ್ನ ಹೆಬ್ಬೆರಳಿಗೆ ಕಪ್ಪು ಬಿತ್ತು, ನೆಲದ ಮೇಲೆ ಮಲಗಿಸಿದರು. ಗೋವೆಯಲ್ಲಿ ಅಷ್ಟು ಚಂದ ಸತ್ತವರು ಇನ್ನೂ ಹುಟ್ಟಿಲ್ಲ, ನೊಣಗಳೂ ಮೋಸಹೋದವು. ಪಕ್ಕದ ಮಂಚದಿಂದ ರುದ್ರವ್ವ ನನಗಾಗಿ ಹಾಡಿ ಅತ್ತಳು, ನಡುನಡುವೆ ಕೇಶಪ್ಪನ ಏಳು ತಲೆಮಾರನ್ನು ಸೇರಿಸಿದಳು. ಗದ್ದಲದಲ್ಲಿ ಯಾರೂ ಗುರುತು ಹಿಡಿಯದೆ ಸುಗರಾಬಿಯನ್ನು ಕೆಂಪು ಚೀಟಿ ಕಟ್ಟಿ ಮೊದಲ ಮಂಚಕ್ಕೇ ಹಾಕಿದ್ದರು.

ಪಣಜಿಯ ಸಾಹೇಬರು ಅವಳತ್ತ ಬಗ್ಗಿದರು. "ವಾಹ್! ಕ್ಯಾ ಮೇಕಪ್ ಹೈ!" ಎಂದು ತೋಳು ಒತ್ತಿದರು. ಸುಗರಾಬಿ ಕಿರುಚಿದಳು. ಸಾಹೇಬರು ಚಪ್ಪಾಳೆ ತಟ್ಟಿದರು. ಎರಡನೆಯ ಚಪ್ಪಾಳೆಗೆ ತಮ್ಮ ಬೆರಳಿಗಂಟಿದ ಅವಳ ಚರ್ಮ ಕಂಡಿತು.

ದೊಡ್ಡ ಡಾಕ್ಟರು ಗಡಬಡಿಸಿ ಸೀಟಿ ಊದಿದರು. "ಆಟ ಮುಗೀತು, ಏಳ್ರಲೇ! ಪಾವ್ ಹೊರಗೈತಿ!" ಎಂದು ಕೇಶಪ್ಪ ಒದರಿದ.

ಯಾರೂ ಏಳಲಿಲ್ಲ. ಆ ಭಾಜಿಯ ವಾಸನೆಗೆ ಗೋರಿಯೊಳಗಿನವರೂ ಎದ್ದು ಕೂರಬೇಕು. ನಮ್ಮ ಓಣಿಯ ಗೌಂಡಿ ಮೀರಾಸಾಬ ಮೂಗು ಅರಳಿಸಿ ತಲೆ ಎತ್ತಿದ. ರುದ್ರವ್ವ ಚಿವುಟಿದಳು, ಮತ್ತೆ ಮೂರ್ಛೆ ಹೋದ.

"ಒಬ್ಬಾಕಿ ಬೆಂದರ ಆಪತ್ತಲ್ಲ ಅಂದಿದ್ರಿ," ಎಂದಳು ರುದ್ರವ್ವ, ಮಲಗಿದಲ್ಲಿಂದಲೇ. "ಈಗ ಎಣಸ್ರಿ. ಕಪಾಟ ತೆಗೀರಿ, ನಳಾ ಬಿಡ್ರಿ. ಇಲ್ಲಾಂದ್ರ ನಮ್ಮ ಆಪತ್ತು ಮುಗಿಯೂದಿಲ್ಲ."

ಸಾಹೇಬರ ಜೊತೆ ಬಂದಿದ್ದ ಪೇಪರಿನವರ ಕ್ಯಾಮೆರಾ ಫಳಕ್ಕೆಂದಿತು. ಅರೆಗಣ್ಣಲ್ಲಿ ನೋಡಿದೆ: ದೊಡ್ಡ ಡಾಕ್ಟರ ಕೈ ಬೀಗದ ಕೈಯಿದ್ದ ಎದೆಯ ಜೇಬಿನತ್ತ ಹೋಗಿ, ಅಲ್ಲೇ ನಿಂತಿತ್ತು.

ಕೇಶಪ್ಪ ನನ್ನ ಪಕ್ಕೆಗೆ ಬೂಟು ಒತ್ತಿ ಬಗ್ಗಿದ. "ಏಳಲೇ ಅಲ್ಲಾವುದ್ದೀನ! ಏಳದಿದ್ರ ಕೊಂದ ಬಿಡ್ತೇನಿ!"

ಕಣ್ಣು ಮುಚ್ಚಿಕೊಂಡೇ ಕಾಲು ಎತ್ತಿದೆ, ಕಪ್ಪು ಚೀಟಿ ಅವನ ಮೂಗಿಗೆ ತಾಗುವ ಹಾಗೆ.

"ಚೀಟಿ ನೋಡ್ಕೋಲೇ, ಮುಕಾದಮ. ತಡಾ ಮಾಡಿ ಬಂದಿ."